ಕನಸಿನ ನಾವೆ: ನಫ್ತಾಲಿಯಿಂದ ಡಾನ್ ಬೋಸ್ಕೊ ತನಕ ಒಂದು ವಿಮರ್ಶೆ

ಕರಾವಳಿಯ ಒಂದು ಧರ್ಮಕೇಂದ್ರದಲ್ಲಿ ನಾವು ಸಹಾಯಕ ಗುರುವಾಗಿದ್ದ ಕಾಲದಲ್ಲಿ, ಬೆಳಗಿನ ಬಲಿಪೂಜೆ ಮುಗಿದ ಮೇಲೆ ಒಬ್ಬ ತಾಯಿ ನಮ್ಮಲ್ಲಿಗೆ ಬಂದರು. ಮೀನುಗಾರಿಕೆಗೆ ಹೋದ ಅವರ ಮಗ ಮರಳಿರಲಿಲ್ಲ, ದೇಹವೂ ಸಿಕ್ಕಿರಲಿಲ್ಲ. ಹಿಂದಿನ ರಾತ್ರಿಯ ಕನಸಿನಲ್ಲಿ ಅವರು ಒಂದು ದೋಣಿ ದಡಕ್ಕೆ ಬಂದುದನ್ನು ಕಂಡಿದ್ದರು. ದೋಣಿಯಲ್ಲಿ ಯಾರೂ ಇರಲಿಲ್ಲ. "ಫಾದರ್, ಇದರ ಅರ್ಥ ಏನು? ಅವನು ಇದ್ದಾನೆ ಅಂತಲೋ, ಇಲ್ಲ ಅಂತಲೋ?" ಎಂದು ಕೇಳಿದರು. ಗುರುಮಠದಲ್ಲಿ ಕಲಿತ ಪಾಠ ನಮ್ಮ ನಾಲಿಗೆಯ ತುದಿಯಲ್ಲೇ ಇತ್ತು. ಸ್ವಪ್ನಫಲದಲ್ಲಿ ನಂಬಿಕೆ ಇಡಬಾರದು, ದೋಣಿ ಎಂದರೆ ಧರ್ಮಸಭೆಯ ಸಂಕೇತ, ಆದ್ದರಿಂದ ಧೈರ್ಯವಾಗಿರಿ ಎಂದು ನಾವು ಹೇಳಿದೆವು. ಅವರು ವಿನಯದಿಂದ ಕೇಳಿಸಿಕೊಂಡು ಹೊರಟುಹೋದರು.

ನಾವು ಹೇಳಿದ್ದರಲ್ಲಿ ಒಂದು ಮಾತೂ ಧರ್ಮಸಭೆಯ ಬೋಧನೆಗೆ ವಿರುದ್ಧವಾಗಿರಲಿಲ್ಲ. ಆದರೂ ಉತ್ತರ ತಪ್ಪಾಗಿತ್ತು. ಸ್ವಪ್ನಫಲದ ಪುಸ್ತಕ ಮಾಡುವುದನ್ನೇ ನಾವೂ ಮಾಡಿದ್ದೆವು. ಆ ಪುಸ್ತಕದಲ್ಲಿ ದೋಣಿಯ ಎದುರು ಒಂದು ಫಲ ಬರೆದಿರುತ್ತದೆ. ನಮ್ಮ ಪುಸ್ತಕದಲ್ಲಿ ದೋಣಿಯ ಎದುರು ಒಂದು ಸಿದ್ಧಾಂತ ಬರೆದಿತ್ತು. ಕನಸು ಕಂಡವರು ಯಾರು, ಅವರು ಯಾರನ್ನು ಕಳೆದುಕೊಂಡಿದ್ದಾರೆ ಎಂಬುದು ಎರಡು ಪುಸ್ತಕಗಳಲ್ಲೂ ಇರಲಿಲ್ಲ.

ಈ ತಪ್ಪು ಒಬ್ಬ ಯಾಜಕನದು ಮಾತ್ರವಲ್ಲ. ಪ್ರತಿ ವರ್ಷ ಜನವರಿ 31ರ ಹಬ್ಬದ ಸುಮಾರಿಗೆ ನಮ್ಮ ಪ್ರಬೋಧನೆಗಳಲ್ಲಿ ಸಂತ ಜಾನ್ ಬೋಸ್ಕೊ ಅವರ ಎರಡು ಸ್ತಂಭಗಳ ಕನಸು ಕೇಳಿಬರುತ್ತದೆ. ಅಲೆಗಳ ನಡುವೆ ಜಗದ್ಗುರುಗಳ ಹಡಗು, ಸುತ್ತ ಶತ್ರುಗಳ ಹಡಗುಗಳು, ಎದುರಿಗೆ ಎರಡು ಕಂಬಗಳು: ಈ ಚಿತ್ರ ಅನೇಕ ಶಾಲೆಗಳ, ಸಂಸ್ಥೆಗಳ ಗೋಡೆಗಳ ಮೇಲಿದೆ. ಅದನ್ನು ವಿವರಿಸುವವರಲ್ಲಿ ಬಹುಮಂದಿ ಭವಿಷ್ಯದ ಲೆಕ್ಕ ಹಾಕುತ್ತಾರೆ. ಕನಸಿನಲ್ಲಿ ಬಿದ್ದ ಜಗದ್ಗುರು ಇಂಥವರು, ಹಡಗಿನಲ್ಲಿ ಕೂಡಿದ ಎರಡು ಸಭೆಗಳು ಎರಡು ವ್ಯಾಟಿಕನ್ ಮಹಾಸಭೆಗಳು, ಶತ್ರುಗಳ ಹಡಗುಗಳು ಇಂಥ ಪಂಗಡದವು ಎಂದು ಗುರುತಿಸುತ್ತಾರೆ. ನಮ್ಮ ಪರಂಪರೆಯಲ್ಲಿ ಕನಸಿನ ನಾವೆ ನಾಳೆಯ ಸುದ್ದಿ ಹೇಳುವುದಿಲ್ಲ, "ನಿನ್ನೊಡನೆ ಈ ನಾವೆಯಲ್ಲಿ ಯಾರಿದ್ದಾರೆ?" ಎಂದು ಕೇಳುತ್ತದೆ ಎಂಬುದು ನಮ್ಮ ವಾದ. ಇದನ್ನು ಎರಡು ಕನಸುಗಳನ್ನೂ ಒಂದು ರಾತ್ರಿಯ ದರ್ಶನವನ್ನೂ ಓದಿ ತೋರಿಸಲು ಯತ್ನಿಸುತ್ತೇವೆ.

ಫಲವೂ ಅರ್ಥವೂ

ಮೊದಲು ಒಂದು ತೊಡಕನ್ನು ಬಿಡಿಸಿಕೊಳ್ಳಬೇಕು. ಪವಿತ್ರ ಗ್ರಂಥ ಕನಸುಗಳನ್ನು ತಳ್ಳಿಹಾಕುವುದಿಲ್ಲ, ತಲೆಯ ಮೇಲೂ ಹೊತ್ತುಕೊಳ್ಳುವುದಿಲ್ಲ. ಸಿರಾಖನ ಗ್ರಂಥದ 34ನೆಯ ಅಧ್ಯಾಯದಲ್ಲಿ, ಕನಸನ್ನು ನೆಚ್ಚುವುದು ನೆರಳನ್ನು ಹಿಡಿಯಹೋದಂತೆ ಎಂಬ ಎಚ್ಚರಿಕೆಯಿದೆ. ಜೊತೆಗೆ, ಪರಾತ್ಪರನೇ ಕಳುಹಿಸಿದ ಕನಸು ಬೇರೆ ಎಂಬ ವಿನಾಯಿತಿಯೂ ಇದೆ. ಆದಿಕಾಂಡದ 40ನೆಯ ಅಧ್ಯಾಯದಲ್ಲಿ ಜೋಸೆಫನು ಸೆರೆಮನೆಯಲ್ಲಿ ಕನಸುಗಳ ಅರ್ಥ ಹೇಳುವ ಮೊದಲು, ಅರ್ಥ ಹೇಳುವುದು ದೇವರಿಗೆ ಸೇರಿದ್ದೆಂದು ನೆನಪಿಸುತ್ತಾನೆ. ಅದಕ್ಕೂ ಮುಂಚೆ ಅವನು ಮಾಡಿದ ಇನ್ನೊಂದು ಕೆಲಸವನ್ನು ನಾವು ಗಮನಿಸುವುದಿಲ್ಲ. ಆ ಇಬ್ಬರು ಸೆರೆಯಾಳುಗಳ ಮುಖ ಬಾಡಿರುವುದನ್ನು ಕಂಡು, ಇಂದು ಏಕೆ ಹೀಗಿದ್ದೀರಿ ಎಂದು ಕೇಳುತ್ತಾನೆ. ಅವರ ಮುಖ ನೋಡಿದ ಮೇಲೆಯೇ ಅವರ ಕನಸನ್ನು ಕೇಳುತ್ತಾನೆ.

ಕ್ರಿಸ್ತಶಕ ಎರಡನೆಯ ಶತಮಾನದಲ್ಲಿ ಐದು ಭಾಗಗಳ ಸ್ವಪ್ನಶಾಸ್ತ್ರ ಬರೆದ ಅರ್ತೆಮಿದೋರನು ಅನ್ಯಧರ್ಮೀಯನಾದ ಕಣಿಗಾರ. ಅವನ ಗ್ರಂಥದಲ್ಲಿ ಹಡಗುಗಳ ಕನಸುಗಳಿಗೂ ಸ್ಥಳವಿದೆ. ಆದರೆ ಕನಸು ಕಂಡವನ ವೃತ್ತಿ, ವಯಸ್ಸು, ಸ್ಥಿತಿಗತಿ ತಿಳಿಯದೆ ಅರ್ಥ ಹೇಳಬಾರದೆಂದು ಅವನು ಪಟ್ಟುಹಿಡಿದು ಹೇಳುತ್ತಾನೆ. ಕಣಿ ಹೇಳುವವನಿಗೂ ಇದ್ದ ಈ ಎಚ್ಚರ ಆ ಬೆಳಗ್ಗೆ ನಮಗೆ ಇರಲಿಲ್ಲವೆಂದು ಒಪ್ಪಿಕೊಳ್ಳಬೇಕು.

ಕನ್ನಡ ಬೈಬಲಿನ ಓದುಗರಿಗೆ ಈ ಎಚ್ಚರವನ್ನು ನಮ್ಮ ಭಾಷೆಯೇ ಕಲಿಸುತ್ತದೆ. ನೋವನು ಏರಿದ್ದು ನಾವೆ, ಪೇತ್ರನು ಬಲೆ ಬೀಸಿದ್ದು ದೋಣಿಯಿಂದ, ಪೌಲನು ಸೆರೆಯಾಳಾಗಿ ರೋಮಿಗೆ ಹೊರಟಿದ್ದು ಹಡಗಿನಲ್ಲಿ. ನಾವೆಗೆ ಚುಕ್ಕಾಣಿಯ ಪ್ರಸ್ತಾಪವಿಲ್ಲ; ಅದರ ಬಾಗಿಲನ್ನು ಮುಚ್ಚಿದವನು ಸರ್ವೇಶ್ವರನೇ. ದೋಣಿ ದುಡಿಮೆಯ ಸಾಧನ, ಮನೆಮಂದಿಯ ಅನ್ನ. ಹಡಗು ಅಲೆಕ್ಸಾಂಡ್ರಿಯದ ಗೋದಿ ಹೊತ್ತದ್ದು. ಅದರಲ್ಲಿದ್ದವರು ಪರಸ್ಪರ ಅಪರಿಚಿತರು. ಈ ಮೂರರಲ್ಲಿ ಕನಸುಗಾರನು ಕಂಡದ್ದು ಯಾವುದು ಎಂದು ಕೇಳದೆ "ನೌಕೆ ಧರ್ಮಸಭೆಯ ಸಂಕೇತ" ಎಂದು ಹೇಳಿ ಮುಗಿಸುವುದು ಅವಸರದ ವ್ಯಾಖ್ಯಾನ.

ಆ ಸಮೀಕರಣ ಪ್ರಾಚೀನವಾದದ್ದು ಎಂಬುದು ನಿಜ. ತೆರ್ತುಲಿಯನ್ ತನ್ನ ಸ್ನಾನದೀಕ್ಷೆಯ ಕುರಿತ ಪ್ರಬಂಧದ 12ನೆಯ ಅಧ್ಯಾಯದಲ್ಲಿ, ಶಿಷ್ಯರಿದ್ದ ದೋಣಿಯನ್ನು ಧರ್ಮಸಭೆಗೂ ಕಡಲನ್ನು ಲೋಕಕ್ಕೂ ಅಲೆಗಳನ್ನು ಹಿಂಸೆ ಮತ್ತು ಶೋಧನೆಗಳಿಗೂ ಹೋಲಿಸುತ್ತಾನೆ. ಆದರೆ ಇದು ಬರುವ ಸಂದರ್ಭವನ್ನು ನೋಡಬೇಕು. ಅಲೆಗಳ ನೀರು ಮೈಮೇಲೆ ಬಿದ್ದದ್ದೇ ಪ್ರೇಷಿತರಿಗೆ ಸ್ನಾನದೀಕ್ಷೆಯಾಯಿತೆಂದು ಕೆಲವರು ಎಳೆದುತಂದ ಅರ್ಥವನ್ನು ಅವನು ಅಲ್ಲಿ ತಳ್ಳಿಹಾಕುತ್ತಿದ್ದಾನೆ. ನಾವೆಯ ಸಂಕೇತವನ್ನು ನಮಗೆ ಕೊಟ್ಟ ಪುಟವೇ ಬಲವಂತದ ಸಾಂಕೇತಿಕ ಓದಿನ ವಿರುದ್ಧವೂ ನಿಂತಿದೆ. ಅಲೆಗಳೆಂದರೆ ಹಿಂಸೆಗಳು ಎಂದು ಅವನು ಹೇಳಿದ್ದನ್ನೂ ನೆನಪಿಡೋಣ; ಮುಂದೆ ಅದು ನಮಗೆ ಬೇಕಾಗುತ್ತದೆ.

ಯಕೋಬನ ಹಡಗು

ಬೈಬಲಿನ ಅಂಗೀಕೃತ ಗ್ರಂಥಗಳಲ್ಲಿ ಕನಸಿನ ಹಡಗು ಇಲ್ಲ. ಆದರೆ ಬೈಬಲಿನ ನೆರೆಯಲ್ಲೇ ಬೆಳೆದ "ಹನ್ನೆರಡು ಪಿತೃಗಳ ಒಡಂಬಡಿಕೆಗಳು" ಎಂಬ ಗ್ರೀಕ್ ಗ್ರಂಥದಲ್ಲಿ ಒಂದಿದೆ. ಅದರಲ್ಲಿ ನಫ್ತಾಲಿಯು ಸಾಯುವ ಮುನ್ನ ತನ್ನ ಮಕ್ಕಳಿಗೆ ತಾನು ಕಂಡ ಕನಸುಗಳನ್ನು ಹೇಳುತ್ತಾನೆ. ಯಾಮ್ನಿಯದ ಕಡಲತೀರದಲ್ಲಿ ತಂದೆ ಯಕೋಬ ಮತ್ತು ಮಕ್ಕಳು ನಿಂತಿರುವಾಗ ಒಂದು ಹಡಗು ಬರುತ್ತದೆ. ಅದರಲ್ಲಿ ನಾವಿಕರಿಲ್ಲ, ಚುಕ್ಕಾಣಿಗನಿಲ್ಲ. ಅದು ಯಕೋಬನ ಹಡಗೆಂದು ಅದರ ಮೇಲೆಯೇ ಬರೆದಿದೆ. ಎಲ್ಲರೂ ಏರುತ್ತಾರೆ. ಬಿರುಗಾಳಿ ಏಳುತ್ತದೆ, ಚುಕ್ಕಾಣಿ ಹಿಡಿದಿದ್ದ ತಂದೆ ಅವರಿಂದ ಅಗಲಿಹೋಗುತ್ತಾನೆ, ಹಡಗು ಒಡೆಯುತ್ತದೆ. ಜೋಸೆಫನು ಚಿಕ್ಕ ದೋಣಿಯೊಂದರಲ್ಲಿ ಹೊರಟುಹೋಗುತ್ತಾನೆ. ಉಳಿದವರು ಮುರಿದ ಹಲಗೆಗಳನ್ನು ಹಿಡಿದು ಚದರಿಹೋಗುತ್ತಾರೆ. ಲೇವಿ ಮತ್ತು ಯೂದ ಮಾತ್ರ ಒಟ್ಟಿಗೇ ಇರುತ್ತಾರೆ. ಲೇವಿಯು ಗೋಣಿತಟ್ಟು ಉಟ್ಟು ಎಲ್ಲರಿಗಾಗಿ ಪ್ರಾರ್ಥಿಸುತ್ತಾನೆ. ಗಾಳಿ ತಗ್ಗಿದಾಗ ಹಡಗು ದಡ ಮುಟ್ಟುತ್ತದೆ, ತಂದೆ ಮರಳುತ್ತಾನೆ, ಎಲ್ಲರೂ ಒಂದಾಗಿ ಸಂತೋಷಪಡುತ್ತಾರೆ.

ಒಡೆದ ಹಡಗು ಕೊನೆಗೆ ದಡ ಸೇರುವುದನ್ನು ಕಥೆಗಾರನ ಅಜಾಗರೂಕತೆ ಎನ್ನಲಾಗದು. ಕನಸಿನ ಕ್ರಮ ಹಾಗೆಯೇ ಇರುತ್ತದೆ. ಇಲ್ಲಿ ಹಡಗೆಂದರೆ ಮರಮಟ್ಟು ಮಾತ್ರವಲ್ಲ. ಮಕ್ಕಳು ಮತ್ತೆ ಕೂಡಿದರೆ ಹಡಗೂ ಕೂಡಿದಂತೆ. ಇದೇ ಕನಸಿನ ಹೀಬ್ರೂ ಪಾಠವೊಂದರಲ್ಲಿ ಜೋಸೆಫನು ಚುಕ್ಕಾಣಿ ಹಿಡಿದು, ಯೂದನೊಡನೆ ಮನಸ್ತಾಪ ಬಂದು, ದಾರಿ ತಪ್ಪಿಸಿ ಹಡಗನ್ನು ಬಂಡೆಗೆ ಬಡಿಸುತ್ತಾನೆ. ಒಂದೇ ಕನಸು ಒಂದು ಕೈಯಲ್ಲಿ ಅಗಲಿಕೆಯ ಅಳಲು, ಇನ್ನೊಂದು ಕೈಯಲ್ಲಿ ಸಹೋದರನ ಮೇಲಿನ ದೂರು. ಕನಸನ್ನು ಹೇಳುವವನ ಉದ್ದೇಶವನ್ನು ಕೇಳದೆ ಸಂಕೇತದ ಅರ್ಥ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಗ್ರೀಕ್ ಪಾಠದ ಹಿರಿಮೆಯೆಲ್ಲ ಕನಸಿನ ನಂತರದ ಎರಡು ವಾಕ್ಯಗಳಲ್ಲಿದೆ. ನಫ್ತಾಲಿ ಕನಸನ್ನು ತಂದೆಗೆ ಹೇಳುತ್ತಾನೆ. ಯಕೋಬನು, ಇಸ್ರಯೇಲು ಬಹಳವಾಗಿ ತಾಳಿಕೊಂಡ ಮೇಲೆ ಇವು ತಕ್ಕ ಕಾಲದಲ್ಲಿ ನೆರವೇರುತ್ತವೆ ಎಂದಷ್ಟೇ ಹೇಳಿ, ವರ್ಷ ತಿಂಗಳುಗಳ ಲೆಕ್ಕಕ್ಕೆ ಇಳಿಯುವುದಿಲ್ಲ. ಅನಂತರ, ಜೋಸೆಫನು ಬದುಕಿದ್ದಾನೆಂದು ನಾನು ನಂಬುತ್ತೇನೆ, ಏಕೆಂದರೆ ಸರ್ವೇಶ್ವರನು ಅವನನ್ನು ಸದಾ ನಿಮ್ಮೊಡನೆ ಎಣಿಸುತ್ತಿರುವುದನ್ನು ಕಾಣುತ್ತೇನೆ ಎಂಬ ಭಾವದ ಮಾತನ್ನು ಹೇಳಿ ಅಳುತ್ತಾನೆ. ಮಗನ ನೆತ್ತರು ಹತ್ತಿದ ನಿಲುವಂಗಿಯನ್ನು ಕೈಯಲ್ಲಿ ಹಿಡಿದಿದ್ದ ತಂದೆ ಆ ಕನಸಿನಲ್ಲಿ ನೋಡಿದ್ದು ಒಂದನ್ನೇ: ಇಲ್ಲದ ಮಗ ಲೆಕ್ಕದಲ್ಲಿ ಇದ್ದಾನೆ. ಅವನು ಫಲ ಹೇಳಲಿಲ್ಲ, ಅರ್ಥ ಕಂಡ.

ತೂರಿನ್ ನಗರದ ಕನಸು

ಈಗ ಡಾನ್ ಬೋಸ್ಕೊ ಅವರ ಕನಸಿಗೆ ಬರೋಣ. 1862ರ ಮೇ 26ರಂದು ಅವರು ತಿಂಗಳ ಕೊನೆಯಲ್ಲಿ ಒಂದು ಒಳ್ಳೆಯ ವಿಷಯ ಹೇಳುವುದಾಗಿ ಹುಡುಗರಿಗೆ ಮಾತು ಕೊಟ್ಟು, 30ರ ಸಂಜೆ ಈ ಕನಸನ್ನು ಹೇಳಿದರು. ಅವರೇ ಅದನ್ನು ದೃಷ್ಟಾಂತ, ಹೋಲಿಕೆ ಎಂದು ಕರೆದರೆಂದು ಲೆಮೊಯ್ನೆ ಸಂಪಾದಿಸಿದ ಜೀವನ ಸ್ಮರಣೆಗಳ ಏಳನೆಯ ಸಂಪುಟ ತಿಳಿಸುತ್ತದೆ. ಲೆಮೊಯ್ನೆ ಡಾನ್ ಬೋಸ್ಕೊ ಅವರನ್ನು ಸೇರಿದ್ದು 1864ರಲ್ಲಿ. ಆ ಸಂಜೆ ಅವರು ಅಲ್ಲಿರಲಿಲ್ಲ. ಕೇಳಿದವರು ಬರೆದಿಟ್ಟ ಟಿಪ್ಪಣಿಗಳನ್ನು ಅವರು ಹೊಂದಿಸಿಕೊಟ್ಟರು. ಬಿದ್ದ ಜಗದ್ಗುರುಗಳು ಎಷ್ಟು ಮಂದಿ ಎಂಬುದರಲ್ಲಿ ಕೇಳಿದವರ ನೆನಪುಗಳೇ ಒಂದಾಗಿಲ್ಲ. ಪಾಠವೇ ಇಷ್ಟು ಅಸ್ಥಿರವಾಗಿರುವ ಕಡೆಯಲ್ಲಿ ಜಗದ್ಗುರುಗಳ ಹೆಸರು ಹಚ್ಚುವವರು ಮರಳಿನ ಮೇಲೆ ಮನೆ ಕಟ್ಟುತ್ತಾರೆ.

ಕನಸಿನ ಸಾಮಗ್ರಿ ಎಲ್ಲಿಂದ ಬಂತು? ತೂರಿನ್ ಕಡಲತೀರದ ಊರಲ್ಲ. ಡಾನ್ ಬೋಸ್ಕೊ ಹುಟ್ಟಿ ಬೆಳೆದದ್ದು ಗುಡ್ಡಗಾಡಿನ ರೈತರ ನಡುವೆ. ಆದರೆ ಮೇ 24 ಕ್ರೈಸ್ತರ ಸಹಾಯಮಾತೆಯ ಹಬ್ಬ. 1814ರ ಅದೇ ದಿನ ಏಳನೆಯ ಪಯಸ್ ಜಗದ್ಗುರುಗಳು ನೆಪೋಲಿಯನ್ನನ ಸೆರೆಯಿಂದ ರೋಮಿಗೆ ಮರಳಿದ್ದರ ನೆನಪಿಗೆ ಆ ಹಬ್ಬ ಏರ್ಪಟ್ಟಿತು. ಆ ಬಿರುದನ್ನು ಭಕ್ತರು 1571ರ ಲೆಪಾಂತೊ ನೌಕಾಯುದ್ಧದೊಂದಿಗೂ ಜೋಡಿಸಿ ನೆನೆಯುತ್ತಾರೆ. ಕಡಲ ಕಾಳಗ, ಗಾಯಗೊಂಡ ಜಗದ್ಗುರು, ಸಹಾಯಮಾತೆ: ಆ ವಾರದ ಪ್ರಾರ್ಥನೆಯಲ್ಲೇ ಮೂರೂ ಇದ್ದವು. 1862ರ ಜೂನ್ 8ರಂದು ಜಪಾನಿನ 26 ರಕ್ತಸಾಕ್ಷಿಗಳಿಗೆ ಸಂತಪದವಿ ನೀಡುವ ಸಮಾರಂಭವಿತ್ತು. ಅದಕ್ಕಾಗಿ ಧರ್ಮಾಧ್ಯಕ್ಷರು ರೋಮಿನಲ್ಲಿ ಕೂಡುತ್ತಿದ್ದ ದಿನಗಳವು. ಚಿಕ್ಕ ಹಡಗುಗಳ ನಾಯಕರನ್ನು ಜಗದ್ಗುರು ತಮ್ಮ ಹಡಗಿಗೆ ಕರೆಸಿಕೊಳ್ಳುವ ದೃಶ್ಯವನ್ನು ಕೇಳಿದ ಹುಡುಗರಿಗೆ ಮುಂದಿನ ಶತಮಾನದ ಮಹಾಸಭೆಗಿಂತ ಈ ಸಮಾಚಾರವೇ ಹತ್ತಿರವಾಗಿತ್ತೆಂದು ನಾವು ಊಹಿಸುತ್ತೇವೆ. ಹೀಗೆ ಹೇಳಿದರೆ ಕನಸಿನ ದೈವಪ್ರೇರಣೆಗೆ ಕುಂದು ಬರುವುದಿಲ್ಲ. ದೇವರು ಮಾತನಾಡುವುದಾದರೆ ನಮ್ಮ ನೆನಪಿನ ಉಗ್ರಾಣದಿಂದಲೇ ಪದಗಳನ್ನು ತೆಗೆದುಕೊಳ್ಳುತ್ತಾನೆ.

ಶತ್ರುಗಳ ಹಡಗುಗಳಲ್ಲಿ ಫಿರಂಗಿ, ಬಂದೂಕು, ಬೆಂಕಿಯ ಸಾಮಗ್ರಿಗಳ ಜೊತೆಗೆ ಪುಸ್ತಕಗಳೂ ಇವೆ. ಇದನ್ನು ಹೇಳಿದವರು 1853ರಿಂದ ತಾವೇ ಕಥೋಲಿಕ ಕಿರುಹೊತ್ತಗೆಗಳ ಮಾಲೆಯನ್ನು ಪ್ರಕಟಿಸುತ್ತಿದ್ದವರು. ಅಕ್ಷರದ ಬಲ ಅವರಿಗೆ ತಿಳಿದಿತ್ತು. ಕನಸಿನಲ್ಲಿ ಕಾಣುವ ಆಯುಧಗಳು ಕನಸುಗಾರನ ದಿನಚರಿಯ ಗುರುತುಗಳಾಗಿವೆ.

ತಿದ್ದಿದ ಒಂದು ಮಾತು

ಕನಸು ಹೇಳಿ ಮುಗಿಸಿದ ಡಾನ್ ಬೋಸ್ಕೊ ಅವರು ಯುವಯಾಜಕರಾದ ಮಿಕೆಲೆ ರುವಾ ಅವರನ್ನು, ಇದರ ಬಗ್ಗೆ ನಿಮಗೇನು ಅನಿಸುತ್ತದೆ ಎಂದು ಕೇಳುತ್ತಾರೆ. ಜಗದ್ಗುರುಗಳ ಹಡಗು ಧರ್ಮಸಭೆ, ಕಡಲು ಲೋಕ, ಹಡಗುಗಳು ಮನುಷ್ಯರು. ಕಾಪಾಡುವವರು ಸಜ್ಜನರು, ಎದುರಾಳಿಗಳು ವೈರಿಗಳು. ಎರಡು ಸ್ತಂಭಗಳು ಪರಮಪ್ರಸಾದ ಮತ್ತು ಮಾತೆ ಮರಿಯಮ್ಮನವರ ಭಕ್ತಿ ಎಂದು ರುವಾ ಉತ್ತರಿಸುತ್ತಾರೆ. ಬಿದ್ದ ಜಗದ್ಗುರುಗಳ ವಿಷಯವನ್ನು ಅವರು ಎತ್ತುವುದಿಲ್ಲ. ಡಾನ್ ಬೋಸ್ಕೊ ಅವರೂ ಅದರ ಬಗ್ಗೆ ಮೌನ. ನೀವು ಹೇಳಿದ್ದು ಸರಿ ಎಂದು ಒಪ್ಪಿ ಅವರು ಒಂದೇ ಒಂದು ಮಾತನ್ನು ತಿದ್ದುತ್ತಾರೆ: ಶತ್ರುಗಳ ಹಡಗುಗಳೆಂದರೆ ಹಿಂಸೆಗಳು.

ಇಡೀ ಕಥನದಲ್ಲಿ ನಮ್ಮ ಓದುಗರು ಅಡಿಗೆರೆ ಎಳೆಯಬೇಕಾದ ಸ್ಥಳ ಇದೇ. ರುವಾ ವೈರಿಗಳನ್ನು ಮನುಷ್ಯರೆಂದು ಓದಿದರು. ಅವರ ಗುರು ಹಾಗಲ್ಲವೆಂದರು. ಗೊತ್ತಿದ್ದೋ ಗೊತ್ತಿಲ್ಲದೆಯೋ ಅವರು ತೆರ್ತುಲಿಯನ್ನನ ಓದಿಗೇ ಮರಳಿದರು: ಧರ್ಮಸಭೆಯ ನಾವೆಯನ್ನು ಬಡಿಯುವುದು ಹಿಂಸೆ.

ಅಂದಿನ ತೂರಿನ್ನಿನಲ್ಲಿ ಈ ತಿದ್ದುಪಡಿಗೆ ಬೆಲೆಯಿತ್ತು. ಜಗದ್ಗುರುಗಳ ಆಳ್ವಿಕೆಯ ಬಹುಪಾಲು ನಾಡನ್ನು ಒಳಗೊಂಡ ಹೊಸ ಇಟಲಿ ರಾಜ್ಯ 1861ರಲ್ಲಿ ಘೋಷಿತವಾದದ್ದು ಆ ನಗರದಲ್ಲೇ. 1862ರ ಮೇ ತಿಂಗಳಲ್ಲಿ ಪ್ರಧಾನಮಂತ್ರಿಯಾಗಿದ್ದವನು ಉರ್ಬಾನೊ ರತ್ತಾತ್ಸಿ. ಸನ್ಯಾಸಿ ಸಂಘಗಳನ್ನು ರದ್ದುಪಡಿಸಿದ 1855ರ ಕಾನೂನು ಇವನ ಹೆಸರಿನಿಂದಲೇ ಪ್ರಸಿದ್ಧ. ಶತ್ರುಗಳ ಹಡಗುಗಳು ಮನುಷ್ಯರಾಗಿದ್ದರೆ ಮೊದಲನೆಯ ಹಡಗು ಅವನದಾಗಬೇಕಿತ್ತು. ಆದರೆ ಸರ್ಕಾರ ಮುಟ್ಟಲಾಗದಂತಹ ಸಂಘವನ್ನು ಕಟ್ಟುವ ಬಗೆಯನ್ನು ತಮಗೆ ಸೂಚಿಸಿದವನು ಇದೇ ರತ್ತಾತ್ಸಿ ಎಂದು ಡಾನ್ ಬೋಸ್ಕೊ ಅವರೇ ಹೇಳುತ್ತಿದ್ದರು. 1859ರ ಡಿಸೆಂಬರ್ 18ರಂದು ಸಲೇಶಿಯನ್ ಸಂಘ ರೂಪುಗೊಂಡದ್ದರ ಹಿಂದೆ ಆ ಸಲಹೆಯೂ ಇತ್ತು. ಅವರು ರುವಾ ಅವರನ್ನು ತಿದ್ದುವಾಗ ಇದನ್ನೇ ನೆನೆದಿದ್ದರೆಂದು ಹೇಳಲು ನಮ್ಮಲ್ಲಿ ಆಧಾರವಿಲ್ಲ. ಆದರೆ ವೈರಿಯ ಪಟ್ಟಿಯಲ್ಲಿ ಇರಬೇಕಾದವನಿಂದ ಉಪಕಾರ ಪಡೆದ ಯಾಜಕರೊಬ್ಬರು, ಮನುಷ್ಯರನ್ನು ಹಡಗುಗಳೆಂದು ಎಣಿಸಲು ಹಿಂಜರಿದದ್ದು ನಮಗೆ ಸಹಜವಾಗಿ ಕಾಣುತ್ತದೆ.

ಕನಸಿನ ಕೊನೆಯನ್ನೂ ನಾವು ಅರ್ಧಕ್ಕೆ ಬಿಡುತ್ತೇವೆ. ಕಾಳಗದ ಭಯದಿಂದ ಹಿಂದೆ ಸರಿದು ದೂರದಲ್ಲಿ ಕಾದು ನೋಡುತ್ತಿದ್ದ ಎಷ್ಟೋ ಹಡಗುಗಳಿದ್ದವು. ಎಲ್ಲ ಮುಗಿದ ಮೇಲೆ ಅವು ಜೋರಾಗಿ ಹುಟ್ಟುಹಾಕುತ್ತಾ ಬಂದು ಅದೇ ಸ್ತಂಭಗಳಿಗೆ ಕಟ್ಟಿಕೊಳ್ಳುತ್ತವೆ. ಯಾರೂ ಅವುಗಳನ್ನು ತಡೆಯುವುದಿಲ್ಲ, ತಡವಾಯಿತೆಂದು ಬಯ್ಯುವುದಿಲ್ಲ. ಹೇಡಿಗಳಿಗೂ ಕೊಂಡಿ ಉಳಿದಿದೆ. ನಮ್ಮ ಪ್ರಬೋಧನೆಗಳಲ್ಲಿ ಕಾಳಗಕ್ಕೆ ಸಿಗುವ ಸಮಯದ ಕಾಲುಭಾಗವಾದರೂ ಈ ದೃಶ್ಯಕ್ಕೆ ಸಿಗಬೇಕಿತ್ತು.

ಆ ಕನಸಿನ ಮಿತಿ

ಗೌರವದಿಂದ ಓದುವುದೆಂದರೆ ಮಿತಿಯನ್ನು ಮುಚ್ಚಿಡುವುದಲ್ಲ. ಡಾನ್ ಬೋಸ್ಕೊ ಅವರ ಹಡಗಿನಲ್ಲಿ ಚುಕ್ಕಾಣಿ ಹಿಡಿದವರು ಮಾತ್ರ ಸ್ಪಷ್ಟವಾಗಿ ಕಾಣುತ್ತಾರೆ. ಅದರೊಳಗಿನ ಜನರ ಮುಖಗಳು ಕಾಣುವುದಿಲ್ಲ. ಮುತ್ತಿಗೆಗೆ ಒಳಗಾದ ಕಾಲದ ಧರ್ಮಸಭೆಯ ಸ್ವಚಿತ್ರ ಅದು. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಧರ್ಮಸಭೆಯನ್ನು ಕುರಿತ ತನ್ನ ಸಂವಿಧಾನದಲ್ಲಿ ಶ್ರೇಣಿವ್ಯವಸ್ಥೆಗೆ ಮೊದಲು ದೇವಪ್ರಜೆಯ ಅಧ್ಯಾಯವನ್ನು ಇಟ್ಟಿತು. ಆ ಅಧ್ಯಾಯವನ್ನು ಓದಿದವರು ಅದೇ ಚಿತ್ರವನ್ನು ಬದಲಾವಣೆಯಿಲ್ಲದೆ ಗೋಡೆಗೆ ತೂಗುಹಾಕುವುದು ಸಾಲದು. ಬಹುಧರ್ಮೀಯರಾದ ನೆರೆಹೊರೆಯವರೊಂದಿಗೆ ಬಾಳುವ ನಮ್ಮ ನಾಡಿನಲ್ಲಿ, ತಿದ್ದುಪಡಿಯನ್ನು ಬಿಟ್ಟು ಕನಸನ್ನಷ್ಟೇ ಹೇಳಿದರೆ, ಕೇಳುಗನು ಪಕ್ಕದ ಮನೆಯವನನ್ನೇ ಶತ್ರುವಿನ ಹಡಗೆಂದು ಎಣಿಸಿಕೊಂಡು ದೇವಾಲಯದಿಂದ ಹೊರಬರಬಹುದು. ಅದರ ಹೊಣೆ ಕನಸಿನದಲ್ಲ, ಪ್ರಬೋಧಕನದು. ಖಾಸಗಿ ದರ್ಶನಗಳು ಕ್ರಿಸ್ತನಲ್ಲಿ ಪೂರ್ಣಗೊಂಡ ಪ್ರಕಟಣೆಗೆ ಏನನ್ನೂ ಸೇರಿಸುವುದಿಲ್ಲ, ಅದನ್ನು ತಮ್ಮ ಕಾಲದಲ್ಲಿ ಬಾಳಲು ನೆರವಾಗಬಹುದಷ್ಟೇ ಎಂದು ಕಥೋಲಿಕ ಧರ್ಮೋಪದೇಶದ 67ನೆಯ ಪರಿಚ್ಛೇದ ಹೇಳುವುದೂ ಇದನ್ನೇ.

ಆ ಚಿತ್ರಕ್ಕೆ ಬೇಕಾದ ಪೂರಕವು ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯದಲ್ಲಿದೆ. ಅದನ್ನು ಕನಸೆಂದು ಸಂತ ಲೂಕ ಕರೆಯುವುದಿಲ್ಲ. ಆದರೆ ರಾತ್ರಿಯ ಹೊತ್ತು, ಮುಳುಗಲಿರುವ ಹಡಗಿನ ಮೇಲೆ, ದೇವದೂತನು ಪೌಲನ ಬಳಿ ನಿಲ್ಲುತ್ತಾನೆ. ಸಂದೇಶವೇನು? ನಿನ್ನೊಡನೆ ಪ್ರಯಾಣಿಸುವ ಎಲ್ಲರನ್ನೂ ದೇವರು ನಿನಗೆ ಅನುಗ್ರಹಿಸಿದ್ದಾನೆ ಎಂಬುದು. ಹಡಗು ಉಳಿಯುತ್ತದೆಂಬ ಭರವಸೆ ಇಲ್ಲ. ಹಡಗು ನಷ್ಟವಾಗುತ್ತದೆಂದು ಪೌಲನು ಮೊದಲೇ ಹೇಳುತ್ತಾನೆ. ಅದರಲ್ಲಿದ್ದವರು 276 ಮಂದಿ: ಸೈನಿಕರು, ಸೆರೆಯಾಳುಗಳು, ನಾವಿಕರು. ಬಹುತೇಕರು ಕ್ರಿಸ್ತನ ಹೆಸರನ್ನೇ ಕೇಳದವರು. ಕೊನೆಗೆ ಈಜಬಲ್ಲವರು ಈಜಿ, ಉಳಿದವರು ಹಲಗೆಗಳನ್ನೂ ಹಡಗಿನ ತುಂಡುಗಳನ್ನೂ ಹಿಡಿದು, ಎಲ್ಲರೂ ದಡ ಸೇರುತ್ತಾರೆ. ನಫ್ತಾಲಿಯ ಕನಸಿನಲ್ಲಿ ಚದುರುವಿಕೆಯ ಗುರುತಾಗಿದ್ದ ಹಲಗೆ ಇಲ್ಲಿ ರಕ್ಷಣೆಯ ಸಾಧನ.

ಮೂರು ನೌಕೆಗಳನ್ನೂ ಒಟ್ಟಿಗೆ ನೋಡಿದಾಗ ನಮ್ಮ ಮಾತು ಸ್ಪಷ್ಟವಾಗುತ್ತದೆ. ಯಕೋಬನ ಹಡಗು ಒಡೆಯಿತು, ಮಕ್ಕಳು ಕೂಡಿದರು. ಪೌಲನ ಹಡಗು ಹೋಯಿತು, ಜನ ಉಳಿದರು. ಡಾನ್ ಬೋಸ್ಕೊ ಅವರ ಹಡಗು ಸ್ತಂಭಗಳಿಗೆ ಕಟ್ಟಲ್ಪಟ್ಟಿತು, ಓಡಿಹೋದವರೂ ಬಂದು ಸೇರಿದರು. ಮೂರರಲ್ಲೂ ದೇವರು ಎಣಿಸಿದ್ದು ಜನರನ್ನು.

ಆದ್ದರಿಂದ ಕನಸಿನ ದೋಣಿಯನ್ನು ಹಿಡಿದು ನಮ್ಮ ಬಳಿ ಬರುವವರಿಗೆ ಅರ್ಥ ಹೇಳುವ ಮುನ್ನ ನಾವು ಕೇಳಬೇಕಾದದ್ದು: ದೋಣಿ ಯಾರದು? ಅದರಲ್ಲಿ ಯಾರಿದ್ದರು, ಯಾರಿರಬೇಕಿತ್ತು? ನೀವು ದಡದಲ್ಲಿದ್ದಿರೋ, ಒಳಗಿದ್ದಿರೋ? ಈ ಪ್ರಶ್ನೆಗಳಿಗೆ ಉತ್ತರ ಬರುವಷ್ಟರಲ್ಲಿ ಅರ್ಥವನ್ನು ಅವರೇ ಹೇಳಿರುತ್ತಾರೆ.

ಆ ತಾಯಿ ನವೆಂಬರ್ ತಿಂಗಳಲ್ಲಿ ಮತ್ತೆ ಬಂದರು. ಮೃತರ ಸ್ಮರಣೆಯ ಪಟ್ಟಿಯಲ್ಲಿ ಮಗನ ಹೆಸರು ಬರೆಸಬೇಕೋ ಬೇಡವೋ ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಬರೆಸಿದರೆ ಸತ್ತನೆಂದು ಒಪ್ಪಿದಂತೆ, ಬರೆಸದಿದ್ದರೆ ಮರೆತಂತೆ. ಖಾಲಿ ದೋಣಿಯ ಕನಸಿನಲ್ಲಿ ಅವರು ಕೇಳಿದ್ದು ಇದನ್ನೇ ಎಂದು ನಮಗೆ ಆಗ ಹೊಳೆಯಿತು. ಅವರಿಗೆ ಬೇಕಿದ್ದದ್ದು ಭವಿಷ್ಯವಲ್ಲ. ತಮ್ಮ ಮಗ ಈಗಲೂ ನಮ್ಮ ಲೆಕ್ಕದಲ್ಲಿ ಇದ್ದಾನೆಯೇ ಎಂಬುದಕ್ಕೆ ಉತ್ತರ. ಅವನ ಹೆಸರನ್ನು ಮೃತರ ಪಟ್ಟಿಗೆ ಸೇರಿಸದೆ, ಕಡಲಿಗೆ ಹೋದವರಿಗಾಗಿ ಮಾಡುವ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಓದಿದೆವು. ಅವರು ಮತ್ತೆ ಕನಸಿನ ಅರ್ಥ ಕೇಳಲಿಲ್ಲ. ಯಕೋಬನು ಎರಡು ವಾಕ್ಯಗಳಲ್ಲಿ ಕಲಿಸಿದ್ದನ್ನು ನಾವು ಕಲಿಯಲು ಆರು ತಿಂಗಳು ಹಿಡಿಯಿತು. ಅಭಿಷೇಕಕ್ಕೆ ಸಿದ್ಧರಾಗುತ್ತಿರುವ ನಮ್ಮ ಕಿರಿಯ ಸಹೋದರರು ಅದನ್ನು ಇಲ್ಲಿಯೇ, ಗುರುಮಠದಲ್ಲಿಯೇ ಕಲಿತು ಹೋಗಲಿ ಎಂಬುದು ನಮ್ಮ ಹಾರೈಕೆ.